ಕೋಪನ್‌ಹೇಗನ್ ಸುತ್ತಿ ನೂಕ್‌ಗೆ

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಸಾಕು, ನಡುವಿನ ದೂರವನ್ನೂ ಹಾರಾಟದ ಸಮಯವನ್ನೂ ಥಟ್ಟನೆ ಒಪ್ಪಿಸುವ ಯಂತ್ರಗಳು ಅಂತರ್ಜಾಲದಲ್ಲಿವೆ. ಕೆನಡಾದ ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ನಿಂದ ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ಗೆ ಎಷ್ಟು ದೂರ? ಸುಮಾರು 820 ಕಿ.ಮೀ. ಎಷ್ಟು ಹೊತ್ತು? ಒಂದೂವರೆ ಗಂಟೆ. ವಿಮಾನ ಇದೆಯೇ ಎಂದು ಮಾತ್ರ ಕೇಳಬಾರದು. ಭೂಗೋಳದ ಮೇಲೊಂದು ಗೆರೆ ಎಳೆದು, ಗಂಟೆಗೆ 800 ಕಿ.ಮೀ.ಯಂತೆ ಭಾಗಿಸಿ, ಏರಿಳಿಯಲು ಅರ್ಧ ಗಂಟೆ ಕೂಡಿಸುವುದಷ್ಟೇ ಯಂತ್ರದ ಕಸುಬು. ಹಾರುವುದು ನಿಮ್ಮ ಹಣೆಬರಹ.

ಚಳಿಗಾಲದ ಹಣೆಬರಹ ಹೀಗಿದೆ: ಮೊದಲು ದಕ್ಷಿಣಕ್ಕೆ ಎರಡು ಸಾವಿರ ಕಿ.ಮೀ. ಹಾರಿ ಆಟವಾ ತಲುಪಬೇಕು. ಅಲ್ಲಿಂದ ಅಟ್ಲಾಂಟಿಕ್ ದಾಟಿ, ಗ್ರೀನ್‌ಲ್ಯಾಂಡ್ ಯಾವ ದೇಶಕ್ಕೆ ಸೇರಿದೆಯೋ ಆ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್. ಅಲ್ಲಿ ವಿಮಾನ ಬದಲಿಸಿ, ಅದೇ ಅಟ್ಲಾಂಟಿಕ್ಕನ್ನು ಮತ್ತೊಮ್ಮೆ ದಾಟಿ ನೂಕ್. ಒಟ್ಟು ಹತ್ತು ಸಾವಿರ ಕಿ.ಮೀ. ಮೀರುತ್ತದೆ. (ಐಸ್‌ಲ್ಯಾಂಡ್ ಮೂಲಕವೂ ಹೋಗಬಹುದು, ಜಿಪುಣರಿಗಾಗಿ.) ಕೊಂಕಣ ಸುತ್ತಿ ಮೈಲಾರಕ್ಕೆ ಹೋದವನು ಇವರ ಮುಂದೆ ಒಳದಾರಿ ಕಂಡುಕೊಂಡ ಜಾಣ.

ಕೆನಡಾಕ್ಕೂ ಗ್ರೀನ್‌ಲ್ಯಾಂಡಿಗೂ ನಡುವಿನ ಡೇವಿಸ್ ಜಲಸಂಧಿಯ ಎರಡೂ ದಡಗಳಲ್ಲಿ ಇರುವವರು ಈ ಹಿಮನಾಡಿನ ಮೂಲನಿವಾಸಿಗಳಾದ ಇನುಯಿಟ್ ಜನರೇ. ನುಡಿಯೂ ಒಂದೇ ಬಳಗದ್ದು. 2012ರಲ್ಲಿ ಇವರಿಗೊಂದು ಪುಟ್ಟ ವಿಮಾನ ದಯಪಾಲಿಸಲಾಯಿತು. ಕೆಲವು ಬೇಸಿಗೆ ಹಾರಿ ಅದು ನಿಂತಿತು. 2024ರಲ್ಲಿ ಮತ್ತೆ ಬಂತು, ವಾರಕ್ಕೊಮ್ಮೆ, ಅದೂ ಬೇಸಿಗೆಯಲ್ಲಿ. ಆದ್ದರಿಂದ ಬಂಧುಗಳು ತಮ್ಮ ಮದುವೆ, ಮುಂಜಿ, ಮರಣಗಳನ್ನು ಹಿಮ ಕರಗಿದ ಮೇಲೆ ಇಟ್ಟುಕೊಳ್ಳತಕ್ಕದ್ದು.

ರನ್‌ವೇ ಇಲ್ಲವೆನ್ನಲು ಬಾಯಿಲ್ಲ. ಜಗತ್ತಿನ ಅತಿದೊಡ್ಡ ಪ್ರಯಾಣಿಕ ವಿಮಾನ ಏರ್‌ಬಸ್ ಎ380ಕ್ಕೆ ಚಳಿ ತಡೆಯುವ ಶಕ್ತಿ ಇದೆಯೇ ಎಂದು ನೋಡಲು 2006ರಲ್ಲಿ ಅದನ್ನು ಕರೆತಂದದ್ದು ಇದೇ ಇಕಾಲುಯಿಟ್‌ಗೆ. ಪರೀಕ್ಷೆ ಮುಗಿಸಿ ಬಂದ ದಾರಿ ಹಿಡಿಯಿತು. ನೂಕ್ ಕಡೆಗೆ ತಲೆ ಹಾಕಲಿಲ್ಲ. ನೂಕ್‌ಗೂ 2024ರ ನವೆಂಬರ್‌ನಲ್ಲಿ 2,200 ಮೀಟರ್ ಉದ್ದದ ಹೊಸ ರನ್‌ವೇ ಒದಗಿತು. ಮರುವರ್ಷ ಜೂನ್‌ನಲ್ಲಿ ನ್ಯೂಯಾರ್ಕ್ ಬಗಲಿನ ನ್ಯೂವರ್ಕ್‌ನಿಂದ ನೇರ ವಿಮಾನವೇ ಬಂದಿಳಿಯಿತು. ಪ್ರವಾಸಿಗರ ಕೈಯಲ್ಲಿ ಕ್ಯಾಮೆರಾ ಇರುತ್ತದೆ, ನೆಂಟರ ಕೈಯಲ್ಲಿ ಏನಿರುತ್ತದೆ?

ಸರಕಾರಗಳಿಗೆ ಉತ್ತರದ ಕಡೆ ನೋಡಲು ಪುರುಸೊತ್ತಿರಲಿಲ್ಲ ಎಂದರೂ ನಂಬಲಾಗದು. ಹ್ಯಾನ್ಸ್ ದ್ವೀಪವೆಂಬ, 1.3 ಚದರ ಕಿ.ಮೀ.ಯ, ಕೆನಡಾಕ್ಕೂ ಗ್ರೀನ್‌ಲ್ಯಾಂಡಿಗೂ ನಡುವಿನ, ನರಪಿಳ್ಳೆಯಿಲ್ಲದ ಬಂಡೆ ಯಾರದೆಂದು ಕೆನಡಾ ಮತ್ತು ಡೆನ್ಮಾರ್ಕ್ ದಶಕಗಳ ಕಾಲ ಗುದ್ದಾಡಿದವು. ಇವರು ಹೋಗಿ ಬಾವುಟ ನೆಟ್ಟು ವಿಸ್ಕಿ ಇಟ್ಟು ಬರುವುದು, ಅವರು ಹೋಗಿ ತಮ್ಮ ಬಾವುಟ ನೆಟ್ಟು ಷ್ನಾಪ್ಸ್ ಇಟ್ಟು ಬರುವುದು. 2022ರಲ್ಲಿ ಬಂಡೆಯನ್ನು ಪಾಲು ಮಾಡಿಕೊಂಡು ಕೈಕುಲುಕಿದರು. ಬಾಟಲಿಗಳಿಗೆ ಸಿಕ್ಕ ಸಾರಿಗೆ ಸೌಕರ್ಯ ಅಜ್ಜಿಯಂದಿರಿಗೆ ಸಿಗಲಿಲ್ಲ.

ಇನ್ನು ಬೇಸಿಗೆಯ ಆ ಪುಟ್ಟ ವಿಮಾನದ ವಿಷಯ. ಪಂಕದ ವಿಮಾನವಾದ್ದರಿಂದ ಅದಕ್ಕೆ ಸುಮಾರು ಎರಡು ಗಂಟೆ ಬೇಕು. ಯಂತ್ರದ ಒಂದೂವರೆ ಗಂಟೆಯ ಲೆಕ್ಕ ಇಲ್ಲೂ ತಪ್ಪು. ಆದರೆ ನೂಕ್‌ನ ಗಡಿಯಾರ ಇಕಾಲುಯಿಟ್‌ಗಿಂತ ಮೂರು ಗಂಟೆ ಮುಂದಿದೆ. ಹಾಗಾಗಿ ನೂಕ್‌ನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹೊರಟವರು ಇಕಾಲುಯಿಟ್‌ನಲ್ಲಿ ಬೆಳಿಗ್ಗೆ ಹನ್ನೊಂದಕ್ಕೇ ಇಳಿಯುತ್ತಾರೆ. ಇಷ್ಟು ವೇಗ ಯಾವ ಯಂತ್ರಕ್ಕೂ ಹೊಳೆದಿಲ್ಲ.