ಇಲ್ಲಿ ಈಸ್ಟ್ರೋಜನ್ ಜಪ, ಊರಲ್ಲಿ ಪ್ರೊಜೆಸ್ಟರಾನ್ ಗುಳಿಗೆ

ಇಂಗ್ಲೆಂಡಿನಲ್ಲಿ 45 ದಾಟಿದ ಹೆಂಗಸು ರಾತ್ರಿ ಬೆವರು, ನಿದ್ದೆಗೇಡು, ಮುಟ್ಟಿನ ಏರುಪೇರು ಅಂತ ಜಿಪಿ (ಕುಟುಂಬ ವೈದ್ಯರು) ಬಳಿ ಹೋದರೆ ಸಾಮಾನ್ಯವಾಗಿ ಹಾರ್ಮೋನ್ ಪರೀಕ್ಷೆಗೆ ಬರೆಯುವುದಿಲ್ಲ. ಲಕ್ಷಣ ಕೇಳಿಯೇ ತೀರ್ಮಾನಿಸಿ ಎನ್ನುತ್ತದೆ ಇಲ್ಲಿನ ಚಿಕಿತ್ಸಾ ನಿಯಮ ರೂಪಿಸುವ ಸಂಸ್ಥೆ ನೈಸ್‌ನ ಮಾರ್ಗಸೂಚಿ. ಬೆಂಗಳೂರಿನಲ್ಲಿ ಎಷ್ಟೋ ಕಡೆ ಲ್ಯಾಬಿನ ‘ಹಾರ್ಮೋನ್ ಪ್ಯಾಕೇಜ್’ ಮೊದಲು, ಮಾತು ಆಮೇಲೆ. ಮುಟ್ಟು ನಿಲ್ಲುವ ಹೊತ್ತಿನಲ್ಲಿ ಈಸ್ಟ್ರೋಜನ್ ಇವತ್ತು ಏರಿ ನಾಳೆ ಇಳಿಯುತ್ತದೆ. ಒಂದು ಬೆಳಗಿನ ಅಂಕಿ ಹಿಡಿದು ‘ಬ್ಯಾಲೆನ್ಸ್’ ಮಾಡಹೊರಡುವುದು ದುಡ್ಡು ದಂಡ. 40ರೊಳಗೇ ಮುಟ್ಟು ನಿಂತಂತಿದ್ದರೆ ಮಾತ್ರ ಬೇರೆ. ಆಗ ನಾಲ್ಕರಿಂದ ಆರು ವಾರ ಬಿಟ್ಟು ಎರಡು ಸಲ ರಕ್ತದಲ್ಲಿ ಎಫ್‌ಎಸ್‌ಎಚ್ (ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನ್) ನೋಡಲೇಬೇಕು.

ಅಸಲಿಗೆ ಈ ಸಮತೋಲ ಕಾಯಬೇಕಾದದ್ದು ಗರ್ಭಕೋಶದ ಒಳಪದರದಲ್ಲಿ. ಮೈ ಝಳ, ಬೆವರು, ಮೂಳೆ ಸವೆತಕ್ಕೆ ಮದ್ದು ಈಸ್ಟ್ರೋಜನ್. ಆದರೆ ಅದೊಂದನ್ನೇ ಕೊಟ್ಟರೆ ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರಿಗೂ ತಿರುಗಬಹುದು. 1975ರ ಹೊತ್ತಿಗೇ ಅಮೆರಿಕದಲ್ಲಿ ಇದು ಗೊತ್ತಾಗಿತ್ತು. ಆ ಪದರವನ್ನು ಹದ್ದುಬಸ್ತಿನಲ್ಲಿ ಇಡಲೆಂದೇ ಪ್ರೊಜೆಸ್ಟರಾನ್. ಹಾಗಾಗಿ ಮೊದಲ ಪ್ರಶ್ನೆ: ಗರ್ಭಕೋಶ ಇದೆಯೋ, ತೆಗೆದಿದ್ದಾರೋ? ತೆಗೆದಿದ್ದರೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು (ಎಂಡೊಮೆಟ್ರಿಯೋಸಿಸ್, ಅಂದರೆ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆಯುವ ತೊಂದರೆ, ಇದ್ದವರ ಲೆಕ್ಕ ಬೇರೆ).

ಗರ್ಭಕೋಶ ಇದ್ದರೆ, ಎರಡು ದಾರಿ. ಮುಟ್ಟು ಇನ್ನೂ ಬರುತ್ತಿದ್ದರೆ ಈಸ್ಟ್ರೋಜನ್ ದಿನವೂ, ಮೈಕ್ರೊನೈಸ್ಡ್ (ನುಣ್ಣಗೆ ಪುಡಿಮಾಡಿದ) ಪ್ರೊಜೆಸ್ಟರಾನ್ ಕ್ಯಾಪ್ಸೂಲ್ 200 ಮಿಲಿಗ್ರಾಂ ತಿಂಗಳಲ್ಲಿ ಹನ್ನೆರಡರಿಂದ ಹದಿನಾಲ್ಕು ರಾತ್ರಿ. ನಿಲ್ಲಿಸಿದ ಮೇಲೆ ಮುಟ್ಟಿನಂತೆ ರಕ್ತ ಹೋಗುತ್ತದೆ. ಮುಟ್ಟು ನಿಂತು ವರ್ಷ ಕಳೆದಿದ್ದರೆ ಪ್ರತಿ ರಾತ್ರಿ 100 ಮಿಲಿಗ್ರಾಂ. ಮಲಗುವ ಹೊತ್ತಿಗೆ, ಬರಿ ಹೊಟ್ಟೆಗೆ. ಊಟದ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಹೆಚ್ಚಿ ತಲೆ ಸುತ್ತುತ್ತದೆ, ಬೆಳಗ್ಗೆ ಮಂಪರು. ಕ್ಯಾಪ್ಸೂಲ್ ಬೇಡವಾದರೆ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ (ಪ್ರೊಜೆಸ್ಟರಾನ್‌ನಂಥದೇ ಕೃತಕ ಹಾರ್ಮೋನ್) ಇರುವ, ಗರ್ಭಕೋಶದೊಳಗೆ ಇಡುವ ಮಿರೆನಾ ಕಾಯಿಲ್ ಒಳಪದರವನ್ನು ಕಾಯುತ್ತದೆ.

ಇಲ್ಲಿ ಎಡವುವುದು ಒಂದು ಬಗೆ. ಚರ್ಮಕ್ಕೆ ಸವರುವ ಈಸ್ಟ್ರೋಜನ್ ಜೆಲ್ ಬಾಟಲಿಯ ಪಂಪನ್ನು ಎರಡು ಸಲ ಒತ್ತಿದರೆ ಹೆಚ್ಚುಕಡಿಮೆ 50 ಮೈಕ್ರೊಗ್ರಾಂ ಪ್ಯಾಚಿಗೆ (ಚರ್ಮಕ್ಕೆ ಅಂಟಿಸುವ ಪಟ್ಟಿ) ಸಮ. ಸಮಾಧಾನವಾಗದೆ ಮೂರು, ನಾಲ್ಕು ಅಂತ ಏರಿಸುತ್ತಾರೆ, ಕ್ಯಾಪ್ಸೂಲು ಮಾತ್ರ ಅಷ್ಟೇ ಉಳಿಯುತ್ತದೆ. ನಾಲ್ಕು ಪಂಪಿಗೆ ಹೋದವರಿಗೆ ಪ್ರತಿ ರಾತ್ರಿ 200, ತಿಂಗಳಲ್ಲಿ ಕೆಲವೇ ದಿನ ತಗೊಳ್ಳುವವರಿಗೆ 300 ಮಿಲಿಗ್ರಾಂ ಬೇಕೆನ್ನುತ್ತದೆ ಬ್ರಿಟಿಷ್ ಮೆನೊಪಾಸ್ ಸೊಸೈಟಿ. ಇನ್ನು ಕೆಲವರು ಪ್ರೊಜೆಸ್ಟರಾನ್‌ನಿಂದ ಮನಸ್ಸು ಕುಗ್ಗುತ್ತದೆಂದು ಯಾರಿಗೂ ಹೇಳದೆ ಅದನ್ನು ಬಿಡುತ್ತಾರೆ, ಜೆಲ್ ಬಿಡುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಆನ್‌ಲೈನಿನಲ್ಲಿ ಸಿಗುವ ‘ನ್ಯಾಚುರಲ್’ ಪ್ರೊಜೆಸ್ಟರಾನ್ ಕ್ರೀಮನ್ನು ನೆಚ್ಚಿಕೊಂಡರೂ ಅದೇ ಗತಿ; ಚರ್ಮದಿಂದ ಒಳಹೋಗುವಷ್ಟು ಒಳಪದರ ಕಾಯಲು ಸಾಲದು. 2022ರಲ್ಲಿ ಜೆಲ್ ಅಂಗಡಿಗಳಲ್ಲಿ ಸಿಗದಷ್ಟು ಬೇಡಿಕೆ ಬಂತು, 2023ರ ಏಪ್ರಿಲ್‌ನಿಂದ ಎರಡು ಚೀಟಿಯ ಶುಲ್ಕಕ್ಕೆ ವರ್ಷವಿಡೀ ಎಚ್‌ಆರ್‌ಟಿ (ಈ ಹಾರ್ಮೋನ್ ಚಿಕಿತ್ಸೆ) ಕೊಡುವ ವ್ಯವಸ್ಥೆಯೂ ಆಯಿತು. ಒಳ್ಳೆಯದೇ. ಆದರೆ ಆ ಸಂಭ್ರಮದಲ್ಲಿ ಪ್ರೊಜೆಸ್ಟರಾನ್ ಬಾಲಂಗೋಚಿಯಾಯಿತು ಎಂಬುದೇ ನನ್ನ ತಕರಾರು.

ಊರಿನ ಕಥೆ ತಿರುಗುಮುರುಗು. ಪ್ರೊಜೆಸ್ಟರಾನ್ ಕ್ಯಾಪ್ಸೂಲನ್ನು ಎಲ್ಲ ಮೆಡಿಕಲ್ ಶಾಪಿನವರೂ ಬಲ್ಲರು, ಗರ್ಭ ಉಳಿಸುವ ಗುಳಿಗೆಯಾಗಿ. ಹಬ್ಬಕ್ಕೆ, ಮದುವೆಗೆ ಮುಟ್ಟು ಮುಂದೂಡುವ ನಾರೆಥಿಸ್ಟೆರಾನ್ 5 ಮಿಲಿಗ್ರಾಂ (ಇದೂ ಪ್ರೊಜೆಸ್ಟರಾನ್‌ನಂಥದೇ ಕೃತಕ ಹಾರ್ಮೋನ್) ಮನೆಮಾತು. 47ರ ಹೆಂಗಸಿಗೆ ರಕ್ತ ಹೆಚ್ಚು ಹೋದರೂ ಅದೇ ಗುಳಿಗೆ. ರಕ್ತವೇನೋ ನಿಲ್ಲುತ್ತದೆ, ಈಸ್ಟ್ರೋಜನ್ ಕೊರತೆ ಇದ್ದರೆ ಅದು ಹಾಗೇ ಉಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ‘ತೆಗೆಸಿಬಿಡಿ’. ಕಲಬುರಗಿ, ರಾಣೆಬೆನ್ನೂರು ಕಡೆ ಬಡ ಹೆಣ್ಣುಮಕ್ಕಳ ಗರ್ಭಕೋಶ ಬೇಕಾಬಿಟ್ಟಿ ತೆಗೆದದ್ದು ಹೋರಾಟಕ್ಕೇ ಕಾರಣವಾಗಿತ್ತು. 38ರಲ್ಲಿ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವುದು ಒಂದೇ ದಿನದಲ್ಲಿ. ಬೇರೆ ಅಡ್ಡಿ ಇಲ್ಲದಿದ್ದರೆ ಅಂಥವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಈಸ್ಟ್ರೋಜನ್ ಸಿಗಬೇಕು. ಹೊಲಿಗೆ ಬಿಚ್ಚಿ ಕ್ಯಾಲ್ಸಿಯಂ ಮಾತ್ರೆ ಕೊಟ್ಟು ಕಳಿಸಿದರೆ ಆ ಮೂಳೆಗಳ ಗತಿಯೇನು?

ಇಷ್ಟು ಹೆದರಿಕೆ ಎಲ್ಲಿಂದ ಬಂತೆಂದರೆ ಹೆಚ್ಚಿನಂಶ 2002ರ ಅಮೆರಿಕದ ಡಬ್ಲ್ಯುಎಚ್‌ಐ (ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್) ಅಧ್ಯಯನದಿಂದ. ಕುದುರೆ ಮೂತ್ರದ ಈಸ್ಟ್ರೋಜನ್ ಜೊತೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಕೃತಕ ಹಾರ್ಮೋನ್ ನುಂಗಿದವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ 38 ಸ್ತನ ಕ್ಯಾನ್ಸರ್, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 30. ಸರಾಸರಿ ವಯಸ್ಸು 63. ಗರ್ಭಕೋಶ ತೆಗೆಸಿ ಈಸ್ಟ್ರೋಜನ್ ಒಂದೇ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಈ ಸುದ್ದಿ ಮಾತ್ರ ಊರು ಮುಟ್ಟಲಿಲ್ಲ. ಮಾತ್ರೆ ಯಕೃತ್ತಿನ ಮೂಲಕ ಹಾದುಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಭಯ ಉಂಟು. ಸಾಮಾನ್ಯ ಪ್ರಮಾಣದ ಪ್ಯಾಚು, ಜೆಲ್‌ಗಳಿಗೆ ಅದಿಲ್ಲ. ಪ್ಯಾಚನ್ನು ಸೊಂಟದ ಕೆಳಗೆ ಹಚ್ಚಿ ವಾರಕ್ಕೆರಡು ಸಲ ಬದಲಿಸಬೇಕು. ಎದೆಯ ಮೇಲೆ ಹಚ್ಚಕೂಡದು. ನಮ್ಮ ಸೆಖೆಗೆ, ಮೈಗೆ ಎಣ್ಣೆ ಹಚ್ಚುವ ರೂಢಿಗೆ ಅದು ಕಿತ್ತು ಬರುವುದೇ ಹೆಚ್ಚು. ಜೆಲ್ ವಾಸಿ, ಹಚ್ಚಿ ಒಂದು ಗಂಟೆಯಾದರೂ ಆ ಜಾಗ ಮಗುವಿಗೆ ತಾಗದಂತೆ ನೋಡಿಕೊಂಡರಾಯಿತು. ಸ್ತನ ಕ್ಯಾನ್ಸರ್ ಆದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ತಾವಾಗಿ ಇದ್ಯಾವುದನ್ನೂ ಮುಟ್ಟಬಾರದು.

ಶುರುಮಾಡಿದ ಮೊದಲ ಮೂರು–ಆರು ತಿಂಗಳು ಅಲ್ಲಲ್ಲಿ ರಕ್ತ ಕಾಣಬಹುದು. ಆಮೇಲೂ ನಿಲ್ಲದಿದ್ದರೆ, ಅಥವಾ ನಿಂತದ್ದು ಮತ್ತೆ ಶುರುವಾದರೆ, ಸ್ಕ್ಯಾನ್ ಮಾಡಿಸಬೇಕು. ಪ್ರತಿದಿನ ಎರಡೂ ಹಾರ್ಮೋನ್ ತಗೊಳ್ಳುವವರಲ್ಲಿ ಒಳಪದರ 4 ಮಿಲಿಮೀಟರ್ ದಾಟಿದರೆ, ತಿಂಗಳಲ್ಲಿ ಕೆಲವೇ ದಿನ ಪ್ರೊಜೆಸ್ಟರಾನ್ ತಗೊಳ್ಳುವವರಲ್ಲಿ 7 ದಾಟಿದರೆ ಮುಂದಿನ ತಪಾಸಣೆ. ಆ ಹೊತ್ತಿಗೆ ಊರಲ್ಲಿ ‘ತೆಗೆಸಿಬಿಡಿ’ ಎನ್ನುವವರಿಗೆ ಕೇಳಬೇಕಾದ ಪ್ರಶ್ನೆ: ಒಳಪದರದ ಚೂರು ತೆಗೆದು ನೋಡಿದಿರಾ, ಪ್ರೊಜೆಸ್ಟರಾನ್ ಪ್ರಮಾಣ ಏರಿಸಿ ನೋಡಿದಿರಾ, ಮಿರೆನಾ ಯಾಕಾಗದು?