ಮಾರ್ಗಿಟ್ ಒನಕೆ ಎತ್ತಿದಾಗ ಕೈ ತಡೆಯಬೇಕು

ಬೇಸಿಗೆ ರಜೆಗೆ ಅಕ್ಕನ ಮಗ ಸಿಂಧನೂರಿನಿಂದ ರಾಯಚೂರಿಗೆ ಬಂದಿದ್ದ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಹೊರಗೆ ಕಾಲಿಡಲಾಗದಂಥ ಬಿಸಿಲು. ಹೀಗಾಗಿ ಮಧ್ಯಾಹ್ನವೆಲ್ಲ ಕೂಲರ್ ಹಚ್ಚಿಕೊಂಡು ನನ್ನ ಪಿಎಸ್4 ಗೇಮ್ ಪೆಟ್ಟಿಗೆಯ ಮುಂದೆಯೇ ಇರುತ್ತಿದ್ದ. ಮೂರನೇ ದಿನ ನಾನು ಜಿನ್ನಿಂಗ್ ಮಿಲ್ಲಿನ ಲೆಕ್ಕ ಮುಗಿಸಿ ಮನೆಗೆ ಬಂದಾಗ ಹುಡುಗ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಕೆಂಪಾಗಿತ್ತು. ಕಂಟ್ರೋಲರ್ ಚಾಪೆಯ ಮೇಲೆ ಬೋರಲು ಬಿದ್ದಿತ್ತು.

"ಮಾಮಾ, ಇವ ಸಾಯವಲ್ಲ. ನನ್ನ ಕೈಲಿ ಆಗಂಗಿಲ್ಲ."

ಇವ ಅಂದರೆ ಮಾರ್ಗಿಟ್. ಎಲ್ಡನ್ ರಿಂಗ್ ಅನ್ನುವ ವಿಡಿಯೋ ಗೇಮ್ ಆಡಿದವರಿಗೆ ಹೆಸರು ಕೇಳಿದರೆ ಸಾಕು. ಆಟ ಬಂದದ್ದು 2022ರ ಫೆಬ್ರವರಿ 25ಕ್ಕೆ. ಅವತ್ತಿನಿಂದ ಇವತ್ತಿನವರೆಗೆ ಹೊಸಬರು ಮೊದಲು ಸೋತು ಕೂರುವುದು ಇವನ ಎದುರಿಗೇ. ಸ್ಟಾರ್ಮ್‌ವೀಲ್ ಕೋಟೆಗೆ ಹೋಗುವ ದಾರಿಯಲ್ಲಿ ಮಂಜಿನ ಬಾಗಿಲು ದಾಟಿದರೆ ಇವನೇ ಕಾಯುತ್ತಿರುತ್ತಾನೆ. ಆಟದ ಬಂಗಾರದ ಬೆಳಕು ದಾರಿ ತೋರಿಸುತ್ತದಲ್ಲ, ಅದನ್ನೇ ನಂಬಿ ಹೋದರೆ ಕೈಯಲ್ಲಿ ಏನೂ ಇಲ್ಲದ ಹೊತ್ತಿಗೇ ಇವನ ಮುಂದೆ ನಿಂತಿರುತ್ತೇವೆ. ಹುಡುಗನ ಲೆವೆಲ್ 14. ನಲವತ್ತು ಸಲವಾದರೂ ಸತ್ತಿದ್ದ.

ಆಡಿ ತೋರಿಸು ಅಂದೆ. ಟಿವಿ ನೋಡಲಿಲ್ಲ, ಅವನ ಹೆಬ್ಬೆರಳು ನೋಡುತ್ತ ಕೂತೆ. ಮಾರ್ಗಿಟ್ ಕೋಲು ಮೇಲೆತ್ತಿದ. ಹೆಬ್ಬೆರಳು ತಟಕ್ಕನೆ ಉರುಳಿ ತಪ್ಪಿಸಿಕೊಳ್ಳುವ ಸರ್ಕಲ್ ಬಟನ್ ಒತ್ತಿತು. ಕೋಲು ಇನ್ನೂ ಮೇಲೇ ಇತ್ತು. ಹುಡುಗನ ವೀರ ಉರುಳಿ ಎದ್ದು ನಿಂತ. ಕೋಲು ಇನ್ನೂ ಮೇಲೇ. ಗಾಬರಿಯಲ್ಲಿ ಹೆಬ್ಬೆರಳು ಮತ್ತೊಮ್ಮೆ ಒತ್ತಿತು. ಎರಡನೇ ಉರುಳು ಮುಗಿಯುವ ಹೊತ್ತಿಗೆ ಸರಿಯಾಗಿ ಕೋಲು ತಲೆಯ ಮೇಲೆ ಬಿತ್ತು.

ಇದರಲ್ಲಿ ಹುಡುಗನ ತಪ್ಪು ಅಂತ ದೊಡ್ಡದೇನಿಲ್ಲ. ಈ ಬಾಸನ್ನು, ಅಂದರೆ ದಾರಿ ಕಾಯುವ ದೊಡ್ಡ ಶತ್ರುವನ್ನು, ಮಾಡಿರುವುದೇ ಹಾಗೆ. ಇದೇ ಕಂಪನಿಯ ಹಳೆಯ ಆಟ ಡಾರ್ಕ್ ಸೋಲ್ಸ್ ಆಡಿ ಕೈ ಪಳಗಿದವರೂ ಇವನ ಹತ್ತಿರ ಮೋಸ ಹೋಗುತ್ತಾರೆ. ಕೈ ಎತ್ತಿದ ಕೂಡಲೇ ಉರುಳುವುದು ನಮ್ಮ ಅಭ್ಯಾಸ ಅಂತ ಅವನಿಗೆ ಗೊತ್ತು. ಅದಕ್ಕೇ ಎತ್ತಿ ತಡೆಯುತ್ತಾನೆ. ಅವನು ಹೊಡೆಯುವುದು ನಮ್ಮ ಹೆದರಿಕೆಯನ್ನು.

ನಿನ್ನ ಕಣ್ಣು ಎಲ್ಲಿರುತ್ತದೆ ಅಂತ ಕೇಳಿದೆ. "ನನ್ನ ಮನುಷ್ಯಾನ ಮ್ಯಾಲೆ" ಅಂದ. ನಲವತ್ತು ಸಲ ಸತ್ತರೂ ಏನೂ ಕಲಿಯದೆ ಉಳಿದದ್ದು ಇದಕ್ಕೇ.

ಅವನಿಗೆ ನಮ್ಮ ಅವ್ವನ ಒರಳಿನ ಕಥೆ ಹೇಳಿದೆ. ನಾವು ಸಣ್ಣವರಿದ್ದಾಗ ವರ್ಷದ ಖಾರ ಮನೆಯಲ್ಲೇ ಕುಟ್ಟುತ್ತಿದ್ದರು. ದೊಡ್ಡವ್ವ ನಿಂತು ಒನಕೆ ಹಾಕುತ್ತಿದ್ದಳು. ಅವ್ವ ಕೆಳಗೆ ಕೂತು, ಚೆಲ್ಲಿದ ಮೆಣಸಿನಕಾಯಿಯನ್ನು ಬರಿಗೈಯಿಂದ ಒರಳಿನೊಳಗೆ ತಳ್ಳುತ್ತಿದ್ದಳು. ಎರಡು ಏಟಿನ ನಡುವೆ ಕೈ ಹೋಗಬೇಕು, ಬರಬೇಕು. ಅವ್ವ ಒಂದು ಸಲವೂ ತನ್ನ ಕೈ ನೋಡಿಕೊಂಡವಳಲ್ಲ. ಅವಳ ಕಣ್ಣು ಒನಕೆಯ ಮೇಲೇ ಇರುತ್ತಿತ್ತು. ದೊಡ್ಡವ್ವ ಬೆವರು ಒರೆಸಿಕೊಳ್ಳಲು ಒನಕೆ ಎತ್ತಿ ನಿಂತರೆ ಅವ್ವನ ಕೈಯೂ ಅಲ್ಲೇ ನಿಲ್ಲುತ್ತಿತ್ತು. ಬೀಳಲು ಶುರುವಾದ ಒನಕೆ ಬೇರೆ, ಎತ್ತಿದ ಒನಕೆ ಬೇರೆ. ಮಾರ್ಗಿಟ್‌ನ ಕೋಲೂ ಅಷ್ಟೇ. ಎತ್ತಿದ್ದಕ್ಕೆ ಉರುಳಬಾರದು, ಇಳಿಯುವುದಕ್ಕೆ ಉರುಳಬೇಕು.

ಅವತ್ತು ಸಂಜೆ ಒಂದು ಕರಾರು ಮಾಡಿದೆವು. ಒಳಗೆ ಹೋಗುವುದು, ಆದರೆ ಒಂದು ಏಟೂ ಹೊಡೆಯುವಂತಿಲ್ಲ. ಸುಮ್ನೆ ನೋಡುವುದು, ತಪ್ಪಿಸಿಕೊಳ್ಳುವುದು, ಸಾಯುವುದು. ಮೊದಲು ಇದ್ದಬದ್ದ ರೂನ್‌ಗಳನ್ನೆಲ್ಲ (ಆಟದೊಳಗಿನ ದುಡ್ಡು) ಲೆವೆಲ್‌ಗೆ ಹಾಕಿ ಮುಗಿಸಿದ, ಕಳೆದುಕೊಳ್ಳಲು ಏನೂ ಇರಬಾರದು ಅಂತ. ಸತ್ತ ಜಾಗದಲ್ಲಿ ರೂನ್ ಬಿದ್ದಿವೆ ಅನ್ನುವ ಚಿಂತೆ ತಲೆಯಲ್ಲಿದ್ದರೆ ಕಣ್ಣು ಬಾಸ್ ಮೇಲೆ ನಿಲ್ಲುವುದೇ ಇಲ್ಲ. ಇದು ನನ್ನ ಸ್ವಂತ ಅನುಭವ.

ಆಮೇಲೆ ಪ್ರತಿ ಹೊಡೆತಕ್ಕೂ ನಮ್ಮ ಮಾತಲ್ಲೇ ಹೆಸರಿಟ್ಟೆವು. ಎತ್ತಿ ತಡೆದು ಹೊಡೆಯುವುದು ಒನಕೆ. ಹಿಂದೆ ನಿಂತರೆ ಬೀಸುವುದು ಬಾಲ. ಬಂಗಾರದ ಬಣ್ಣದ ಚೂರಿ ಎಸೆಯುವುದು ಚೂರಿ. ಅವನ ಜೀವ ಅರ್ಧದ ಹತ್ತಿರ ಬಂದಾಗ ಹೊಳೆಯುವ ಸುತ್ತಿಗೆ ತೆಗೆದು ಹಾರಿ ಬೀಳುತ್ತಾನೆ, ಅದು ಸುತ್ತಿಗೆ. ನಾನು ಪಕ್ಕದಲ್ಲಿ ಕೂತು "ಒನಕಿ... ಒನಕಿ... ಈಗ" ಅನ್ನುವುದು, ಅವನು ಒತ್ತುವುದು. ಹತ್ತು ನಿಮಿಷದಲ್ಲಿ ಅವನೇ ಕೂಗತೊಡಗಿದ. ಹೆಸರಿಟ್ಟ ಮೇಲೆ ಕಣ್ಣಿಗೆ ಬೇಗ ಸಿಗುತ್ತದೆ, ಇದನ್ನು ಯಾರು ಬೇಕಾದರೂ ಮಾಡಿ ನೋಡಿ.

ನೋಡುತ್ತ ನೋಡುತ್ತ ಇನ್ನೂ ಎರಡು ವಿಷಯ ಗೊತ್ತಾದವು. ಹುಡುಗ ಯಾವಾಗಲೂ ಹಿಂದಕ್ಕೆ ಉರುಳುತ್ತಿದ್ದ. ಮಾರ್ಗಿಟ್‌ನ ಕೋಲು ಉದ್ದ, ಹಿಂದಕ್ಕೆ ಹೋದಷ್ಟೂ ತುದಿ ತಾಗುತ್ತದೆ. ಅವನ ಕಡೆಗೇ, ಸ್ವಲ್ಪ ಪಕ್ಕಕ್ಕೆ ಉರುಳಿದರೆ ಕೋಲು ಮೇಲೆಯೇ ಹಾದು ಹೋಗುತ್ತದೆ, ನಾವು ಅವನ ಸೊಂಟದ ಹತ್ತಿರ ಎದ್ದಿರುತ್ತೇವೆ. ಧೈರ್ಯ ಬೇಕು, ನಿಜ. ಇನ್ನೊಂದು, ಜೀವ ತುಂಬುವ ಫ್ಲಾಸ್ಕ್ ಕುಡಿಯುವ ವಿಷಯ. ದೂರ ಓಡಿ ಹೋಗಿ ಕುಡಿದರೆ ಕುಡಿಯುವುದನ್ನೇ ಕಾಯುತ್ತಿದ್ದವನಂತೆ ಚೂರಿ ಎಸೆಯುತ್ತಾನೆ. ಅವನ ದೊಡ್ಡ ಹೊಡೆತವೊಂದು ನೆಲಕ್ಕೆ ಬಿದ್ದು, ಅವನು ಸಾವರಿಸಿಕೊಳ್ಳುವ ಹೊತ್ತಿನಲ್ಲಿ ಒಂದೋ ಹೊಡೆಯಬೇಕು, ಇಲ್ಲಾ ಕುಡಿಯಬೇಕು. ಎರಡೂ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಎರಡು ಏಟು ಬಿದ್ದ ಮೇಲೆ ಮೂರನೆಯದರ ಆಸೆ ಬರುತ್ತದಲ್ಲ, ಅಲ್ಲಿ ಕೈ ಹಿಂದಕ್ಕೆ ತೆಗೆಯಬೇಕು. ಹಸಿರು ಪಟ್ಟಿಯಲ್ಲಿ ಒಂದು ಉರುಳಿಗಾಗುವಷ್ಟು ಸ್ಟ್ಯಾಮಿನಾ ಯಾವಾಗಲೂ ಉಳಿದಿರಬೇಕು.

ಹುಡುಗನ ವೀರನ ಮೈಮೇಲಿನ ಭಾರವನ್ನೂ ನೋಡಿದೆ. ಎಲ್ಲೋ ಸಿಕ್ಕ ದೊಡ್ಡ ಡಾಲು ಹಾಕಿಕೊಂಡಿದ್ದ, ಬಳಸದ ಈಟಿಯೂ ಕೈಯಲ್ಲೇ ಇತ್ತು. ಹೊರುವ ಶಕ್ತಿಯ 70 ಪರ್ಸೆಂಟ್ ದಾಟಿದರೆ ಉರುಳುವುದು ಮೂಟೆ ಉರುಳಿದಂತೆ ಆಗುತ್ತದೆ. ಬಳಸದಿದ್ದರೂ ಕೈಯಲ್ಲಿ ಇಟ್ಟುಕೊಂಡದ್ದಕ್ಕೆಲ್ಲ ತೂಕ ಇದೆ. ಈಟಿ ತೆಗೆಸಿದೆ.

ಆಮೇಲೆ ಜಗಳ ಬಂತು. ಈ ಲೆವೆಲ್‌ನಲ್ಲಿ ಬೇಡ, ದಕ್ಷಿಣಕ್ಕೆ ವೀಪಿಂಗ್ ಪೆನಿನ್ಸುಲಾ ಅನ್ನುವ ಸೀಮೆ ಸುತ್ತಿ ಬಾ ಅಂದೆ. "ಓಡಿ ಹೋದಂಗ ಆತಲ್ಲ ಮಾಮಾ" ಅಂದ. ನನಗೆ ಬೇಜಾರಾಗುವುದು ಇಲ್ಲೇ. ಸೋತ ಜಾಗದಲ್ಲೇ ತಲೆ ಚಚ್ಚಿಕೊಂಡರೆ ಮಾತ್ರ ಗಂಡಸು ಅನ್ನುವ ಮಾತು ಈ ಮಕ್ಕಳ ತಲೆಗೆ ಯಾರು ತುಂಬಿದರೋ! ಈ ಆಟ ಕಟ್ಟಿದವರಿಗೇ ಆ ಹಟ ಇಲ್ಲ. ಕೋಟೆಯ ಪಕ್ಕದಲ್ಲಿ ಬಂಡೆಯ ಅಂಚಿನಲ್ಲೇ ಒಂದು ದಾರಿ ಬಿಟ್ಟಿದ್ದಾರೆ, ಮಾರ್ಗಿಟ್‌ನ ಮುಖವನ್ನೇ ನೋಡದೆ ಕೋಟೆಯಾಚೆಯ ಲಿಯುರ್ನಿಯಾ ಸೀಮೆಗೆ ಹೋಗಬಹುದು. ನಕ್ಷೆ ಅಷ್ಟು ದೊಡ್ಡದಾಗಿ ಇರುವುದು ಸುತ್ತಲಿಕ್ಕೇ ಅಲ್ವಾ?

ಎರಡು ದಿನ ಸುತ್ತಿದ. ಆಟ ಶುರುವಾಗುವ ಸೀಮೆ ಲಿಮ್‌ಗ್ರೇವ್‌ನ ಗಣಿಯಲ್ಲಿ, ಆಯುಧಕ್ಕೆ ಬಲ ಕೊಡುವ ಸ್ಮಿಥಿಂಗ್ ಸ್ಟೋನ್ ಆರಿಸಿದ. ಸಾಮಾನ್ಯ ಕತ್ತಿಯನ್ನು +3 ಮಾಡಲು ಒಟ್ಟು 12 ಕಲ್ಲು ಬೇಕು, ಎಲ್ಲೆ ಚರ್ಚಿನಲ್ಲೇ ಕೆಲಸ ಆಗುತ್ತದೆ. ಪಾಳುಬಿದ್ದ ಚರ್ಚುಗಳಲ್ಲಿ ಸೇಕ್ರೆಡ್ ಟಿಯರ್ ಸಿಕ್ಕಿ ಫ್ಲಾಸ್ಕ್‌ಗೆ ಬಲ ಬಂತು. ಲೆವೆಲ್ 25 ಆಯಿತು, ಅದರಲ್ಲಿ ಹೆಚ್ಚಿನದನ್ನು ಜೀವ ಹೆಚ್ಚಿಸುವ ವಿಗರ್‌ಗೇ ಹಾಕಿಸಿದೆ. ಹೊಸಬರು ಎಲ್ಲವನ್ನೂ ಹೊಡೆಯುವ ಬಲಕ್ಕೆ ಸುರಿಯುತ್ತಾರೆ. ಒಂದೇ ಏಟಿಗೆ ಸಾಯುವವನಿಗೆ ಕಲಿಯಲು ಟೈಮ್ ಎಲ್ಲಿರುತ್ತದೆ?

ಇನ್ನು ಸಹಾಯ ತೆಗೆದುಕೊಳ್ಳುವ ಮಾತು. ತೋಳಗಳನ್ನು ಕರೆದು ಗೆದ್ದರೆ ಗೆದ್ದಂತೆ ಅಲ್ಲ ಅಂತ ಹುಡುಗನಿಗೆ ಅವನ ಗೆಳೆಯ ಯಾರೋ ಹೇಳಿದ್ದನಂತೆ. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎಲ್ಲೆ ಚರ್ಚಿನಲ್ಲಿ ರಾತ್ರಿ ಕೂತಿರುವ ರೆನ್ನಾ ಅನ್ನುವ ಮಾಟಗಾತಿ, ಕರೆಯುವ ಗಂಟೆಯನ್ನೂ ಮೂರು ತೋಳಗಳನ್ನೂ ತಾನಾಗಿಯೇ ಕೊಡುತ್ತಾಳೆ. ಮಂಜಿನ ಬಾಗಿಲ ಹತ್ತಿರ ಜೊತೆಗೆ ಕರೆಯಬಹುದಾದ ರೋಜಿಯರ್‌ನ ಹೆಸರು ನೆಲದ ಮೇಲೆ ಹೊಳೆಯುತ್ತಿರುತ್ತದೆ. ಮುಂದೆ ರಡಾನ್ ಅನ್ನುವ ಬಾಸ್ ಜೊತೆ ಕಾಳಗ ಬರುತ್ತದೆ, ಅದನ್ನಂತೂ ಜಾತ್ರೆಯ ಹಾಗೆ ಮಾಡಿದ್ದಾರೆ, ಮೈದಾನದ ತುಂಬ ಜೊತೆಗಾರರನ್ನು ಕರೆಯುತ್ತಲೇ ಓಡಬೇಕು. ಆಟವೇ ಕೊಟ್ಟ ಆಯುಧ ಅದು. ಕತ್ತಿ ಹಿಡಿದರೆ ತಪ್ಪಿಲ್ಲ, ತೋಳ ಕರೆದರೆ ತಪ್ಪು ಅನ್ನುವುದು ಯಾವ ನ್ಯಾಯ?

ನಮ್ಮೂರ ಕೋಟೆಯನ್ನೇ ನೋಡಿ, ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ. 1520ರಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಬಂದೂಕಿನವರು ಜೊತೆಗಿದ್ದರು. ಅವರು ಗೋಡೆಯ ಮೇಲಿನವರ ಮೇಲೆ ಗುಂಡು ಹಾರಿಸಿ ತಲೆ ಎತ್ತದಂತೆ ಮಾಡಿದರು, ಕೆಳಗೆ ರಾಯನ ಆಳುಗಳು ಗೋಡೆ ಕೆಡವಿದರು. ಆ ಕಾಲದ ಪೋರ್ಚುಗೀಸ್ ಕುದುರೆ ವ್ಯಾಪಾರಿಯೊಬ್ಬ ಇದನ್ನು ಬರೆದಿಟ್ಟಿದ್ದಾನೆ. ಹಾಗಂತ ರಾಯ ಗೆಲ್ಲಲಿಲ್ಲ ಅಂತ ಯಾರಾದರೂ ಹೇಳುತ್ತಾರಾ? ತೋಳಗಳ ಕೆಲಸವೂ ಅದೇ. ಅವು ಮಾರ್ಗಿಟ್‌ನ ಮುಖ ಆ ಕಡೆ ತಿರುಗಿಸುತ್ತವೆ, ನಮಗೆ ಎರಡು ಏಟಿನ ಜಾಗ ಸಿಗುತ್ತದೆ. ಸಂಕೋಲೆಯೊಂದು ಸಿಗುತ್ತದೆ, ಮರ್ಕ್‌ವಾಟರ್ ಗವಿಯಲ್ಲಿ ಪ್ಯಾಚಸ್ ಅನ್ನುವವನು 5000 ರೂನ್‌ಗೆ ಮಾರುತ್ತಾನೆ, ಅದು ಮಾರ್ಗಿಟ್‌ನನ್ನು ಸ್ವಲ್ಪ ಹೊತ್ತು ನೆಲಕ್ಕೆ ಕೆಡವುತ್ತದೆ. ನಾವು ಕೊಳ್ಳಲಿಲ್ಲ. ಆ ದುಡ್ಡು ಲೆವೆಲ್‌ಗೆ ಹೋಯಿತು.

ಊರಿಗೆ ಹೋಗುವ ಹಿಂದಿನ ರಾತ್ರಿ ಕೂತ. ಮೊದಲ ಎರಡು ಸಲ ಸತ್ತ, ಆದರೆ ಕಂಟ್ರೋಲರ್ ಬಿಸಾಡಲಿಲ್ಲ. ಮೂರನೇ ಸಲ ಎರಡು ತೋಳ ಸತ್ತು ಒಂದು ಉಳಿದಿತ್ತು. ಸುತ್ತಿಗೆ ಬಂತು, ಉರುಳಿದ. ಮಾರ್ಗಿಟ್‌ನ ಕೆಂಪು ಪಟ್ಟಿಯಲ್ಲಿ ಬೆರಳಗಲ ಉಳಿದಿತ್ತು. ಆಗ ಒನಕೆ ಎತ್ತಿದ. ಹೆಬ್ಬೆರಳು ಬಟನ್ ಮೇಲೆ ಇತ್ತು, ಅಲುಗಲಿಲ್ಲ. ನನ್ನ ಉಸಿರೂ ನಿಂತಿತ್ತು. ಕೋಲು ಇಳಿಯಲು ಶುರುವಾಯಿತು, ಆಮೇಲೆ ಒತ್ತಿದ, ಮುಂದಕ್ಕೆ ಉರುಳಿದ, ಒಂದು ಏಟು, ಇನ್ನೊಂದು. ಮುಗಿಯಿತು. ಅಡುಗೆ ಮನೆಯಿಂದ ಅವ್ವ ಓಡಿ ಬಂದಳು, ಏನಾಯಿತೋ ಅಂತ. ಅಷ್ಟು ಜೋರಾಗಿ ಕೂಗಿದ್ದೆವು ಇಬ್ಬರೂ.

ಪಿಎಸ್4 ಅವನ ಜೊತೆಗೇ ಕಟ್ಟಿ ಕಳಿಸಿದೆ, ದಸರಾ ತನಕ ಇಟ್ಟುಕೋ ಅಂತ. ನಿನ್ನೆ ಸಿಂಧನೂರಿನಿಂದ ಫೋನ್ ಬಂತು. ಕೋಟೆಯೊಳಗೆ ಮುಂದಿನ ಬಾಸ್ ಗಾಡ್ರಿಕ್ ಹತ್ತಿರ ಮುಟ್ಟಿದ್ದಾನೆ.

"ಮಾಮಾ, ಇವಗ ಭಾಳ ಕೈ ಅದಾವು."

"ಎಷ್ಟು ಸಲ ಒಳಗ ಹೋಗಿದ್ದಿ?"

"ನಾಕು ಸಲ. ಇನ್ನಾ ಒಂದೂ ಏಟು ಹೊಡದಿಲ್ಲ. ಹೆಸರು ಇಡಾಕತ್ತೀನಿ."