ಮೊದಲು ತಕ್ಕಡಿ, ಆಮೇಲೆ ಸೂತ್ರ

ಬೆಂಗಳೂರಿನ ಎಸ್.ಪಿ. ರೋಡಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಾವಿರ ಸ್ಕ್ರೂ ಬೇಕೆಂದರೆ ಒಂದೊಂದಾಗಿ ಎಣಿಸುತ್ತಾ ಕೂರಬೇಕಿಲ್ಲ. ನೂರು ಸ್ಕ್ರೂ ಎಷ್ಟು ತೂಗುತ್ತವೆ ಅಂತ ಗೊತ್ತಿದ್ದರೆ, ಅದರ ಹತ್ತರಷ್ಟು ತೂಗಿದರೆ ಆಯಿತು. ಧಾತುವಿನ ತೂಕದಿಂದ ಪರಮಾಣುಗಳನ್ನು ಎಣಿಸುವುದೂ ಇದೇ ಲೆಕ್ಕ. ಆದರೂ ಪಿಯುಸಿ ಮೊದಲ ವರ್ಷದ ಮಕ್ಕಳಿಗೆ ತಕ್ಕಡಿಯ ಮಾತೇ ಎತ್ತದೆ ಸೂತ್ರ ಬಾಯಿಪಾಠ ಮಾಡಿಸುವುದು ಕಾಣುತ್ತದೆ. ಇದು ತಪ್ಪು. ಗುಣಿಸಬೇಕೋ ಭಾಗಿಸಬೇಕೋ ಅನ್ನುವ ಗೊಂದಲ ಹುಟ್ಟುವುದೇ ಅಲ್ಲಿ.

ಇಲ್ಲಿ ನೂರರ ಬದಲು ಮೋಲ್, ಅಂದರೆ 6.02214076 × 10²³ ಕಣಗಳು. 2019ರ ಮೇ 20ರಿಂದ ಈ ಸಂಖ್ಯೆ ಅಳೆದು ತಿಳಿಯುವಂಥದ್ದಲ್ಲ, ನಿಗದಿಯಾದದ್ದು. ಒಂದು ಮೋಲ್‌ನ ತೂಕ ಆವರ್ತ ಕೋಷ್ಟಕದಲ್ಲೇ ಸಿಗುತ್ತದೆ: ಚಿನ್ನಕ್ಕೆ 196.97 ಗ್ರಾಂ, ತಾಮ್ರಕ್ಕೆ 63.55 ಗ್ರಾಂ.

ಚಿಕ್ಕಪೇಟೆಯಲ್ಲಿ ಕೊಂಡ 8 ಗ್ರಾಂ ಉಂಗುರವನ್ನೇ ನೋಡಿ. ಒಳಗಡೆ 916 ಅಂತ ಮುದ್ರೆ ಇದ್ದರೆ ಅಪ್ಪಟ ಚಿನ್ನ 8 × 0.916 = 7.328 ಗ್ರಾಂ. ಅದನ್ನು 196.97ರಿಂದ ಭಾಗಿಸಿದರೆ 0.0372 ಮೋಲ್. 6.022 × 10²³ರಿಂದ ಗುಣಿಸಿದರೆ 2.24 × 10²² ಪರಮಾಣು. ಮಧ್ಯದಲ್ಲೇ 0.04 ಅಂತ ದುಂಡಗೆ ಮಾಡಿದರೆ ಉತ್ತರ ಶೇ. 7ಕ್ಕೂ ಮಿಕ್ಕಿ ಹಾರುತ್ತದೆ. ದುಂಡಗೆ ಮಾಡುವುದು ಕೊನೆಗೆ ಮಾತ್ರ.

ಉಳಿದ 0.672 ಗ್ರಾಂ ಪೂರ್ತಿ ತಾಮ್ರವೇ ಅಂದುಕೊಳ್ಳಿ (ಸಾಮಾನ್ಯವಾಗಿ ಬೆಳ್ಳಿಯೂ ಸೇರಿರುತ್ತದೆ). ಅದು 0.0106 ಮೋಲ್, ಸುಮಾರು 6.4 × 10²¹ ಪರಮಾಣು. ತೂಕದಲ್ಲಿ ಶೇ. 8.4 ಇರುವ ತಾಮ್ರ ಎಣಿಕೆಯಲ್ಲಿ ಶೇ. 22! ತಾಮ್ರದ ಪರಮಾಣು ಹಗುರ, ಅದಕ್ಕೇ ಅಷ್ಟೇ ತೂಕಕ್ಕೆ ಹೆಚ್ಚು ಹಿಡಿಯುತ್ತವೆ. ಮೋಲ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಾಣದು.

ಮಕ್ಕಳು ಎಡವುವ ಜಾಗಗಳೂ ಗೊತ್ತಿರುವವೇ. ಚಿನ್ನದ ಪರಮಾಣು ರಾಶಿಯ (ಅದೇ 196.97) ಬದಲು ಪರಮಾಣು ಸಂಖ್ಯೆ 79ರಿಂದ ಭಾಗಿಸಿದರೆ ಉತ್ತರ ಎರಡೂವರೆ ಪಟ್ಟು ಉಬ್ಬುತ್ತದೆ. ಮಿಲಿಗ್ರಾಂ ಕೊಟ್ಟಾಗ ಮೊದಲು 1000ದಿಂದ ಭಾಗಿಸುವುದನ್ನು ಮರೆಯುತ್ತಾರೆ. ಆಕ್ಸಿಜನ್ ಅನಿಲದ ಲೆಕ್ಕದಲ್ಲಂತೂ ಪ್ರಶ್ನೆಯನ್ನು ಎರಡು ಸಲ ಓದಬೇಕು: ಒಂದೊಂದು ಅಣುವಿನಲ್ಲೂ ಎರಡು ಪರಮಾಣು ಇರುವುದರಿಂದ 16 ಗ್ರಾಂನಲ್ಲಿ ಅಣುಗಳು 3.011 × 10²³, ಪರಮಾಣುಗಳು ಅದರ ಎರಡರಷ್ಟು.

ಉತ್ತರ ಬಂದ ಮೇಲೆ ಒಂದು ಗ್ರಾಂಗೆ ಎಷ್ಟಾಯಿತು ಅಂತ ನೋಡಿಸಿ. ಹೈಡ್ರೋಜನ್‌ಗೆ ಸುಮಾರು 6 × 10²³, ಯುರೇನಿಯಂಗೆ 2.5 × 10²¹. ಪ್ರಕೃತಿಯಲ್ಲಿ ಸಾಮಾನ್ಯವಾಗಿ ಸಿಗುವ ಬೇರೆ ಧಾತುಗಳೆಲ್ಲ ಇವೆರಡರ ನಡುವೆಯೇ ಬರಬೇಕು. ಹೊರಗೆ ಹೋದರೆ ಭಾಗಾಕಾರದಿಂದ ಮತ್ತೆ ಶುರು.